ಮಠದ ಹಾಸ್ಟೆಲ್‌: ಪೊಲೀಸ್ ವೆರಿಫಿಕೇಶನ್ ಆಗಿದೆ, ಇನ್ನೇನು ಬೇಕು?

ಹಾಸ್ಟೆಲ್‌ಸಮಿತಿ: ಮಠದ ಆವರಣದಲ್ಲಿ 8ರಿಂದ 15 ವರ್ಷದ 60 ಹುಡುಗರ ಉಚಿತ ಹಾಸ್ಟೆಲ್ ಇದೆ. ವಾರ್ಡನ್, ಅಡುಗೆಯವರ ಪೊಲೀಸ್ ವೆರಿಫಿಕೇಶನ್ ಮುಗಿದಿದೆ. ಮಕ್ಕಳ ರಕ್ಷಣಾ ನೀತಿಯಲ್ಲಿ ಇನ್ನೇನು ಸೇರಿಸಬೇಕು? ದೂರು ಬಂದರೆ ಮೊದಲು ಸಮಿತಿಯಲ್ಲೇ ವಿಚಾರಿಸೋಣ, ನಿಜ ಅನ್ನಿಸಿದರೆ ಠಾಣೆಗೆ ಹೋಗೋಣ ಅಂತಾರೆ ಹಿರಿಯರು. ಸರಿಯಾ?

ಕಪ್ಪುಕೋಟು: ಸರಿಯಲ್ಲ, ಆ ಸಾಲನ್ನು ಮೊದಲು ಹೊಡೆದುಹಾಕಿ. 2012ರ ಪೋಕ್ಸೊ ಕಾಯ್ದೆಯ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾನೂನು) 19ನೇ ಸೆಕ್ಷನ್ ಪ್ರಕಾರ ಇಂಥ ಅಪರಾಧ ನಡೆದದ್ದು ಗೊತ್ತಾದರೆ, ನಡೆಯಬಹುದೆಂಬ ಆತಂಕವಿದ್ದರೂ, ಪೊಲೀಸರಿಗೆ ತಿಳಿಸಲೇಬೇಕು. ಸಾಬೀತು ಮಾಡುವ ಕೆಲಸ ಸಮಿತಿಯದಲ್ಲ. ಮುಚ್ಚಿಟ್ಟರೆ 6 ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಸಿಬ್ಬಂದಿಯ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರೇ ಮುಚ್ಚಿಟ್ಟರೆ 1 ವರ್ಷದವರೆಗೆ ಜೈಲು, ದಂಡವೂ ಉಂಟು. ಸದುದ್ದೇಶದಿಂದ ತಿಳಿಸಿದವರಿಗೆ ಕಾನೂನಿನ ರಕ್ಷಣೆ ಇದೆ. ಒಳವಿಚಾರಣೆಯಲ್ಲಿ ಮಗು ನಾಲ್ಕು ಜನರ ಮುಂದೆ ನಾಲ್ಕು ಸಲ ಹೇಳಬೇಕಾಗುತ್ತದೆ, ಮಾತು ಒಂದಿಷ್ಟು ಆಚೀಚೆ ಆಗುತ್ತದೆ. ಕೋರ್ಟಿನಲ್ಲಿ ಎದುರು ವಕೀಲರು ಹಿಡಿಯುವುದೇ ಅದನ್ನು. ಅಷ್ಟರೊಳಗೆ ಆರೋಪಿಯು ಮಗುವಿನ ಅಪ್ಪ-ಅಮ್ಮನನ್ನು 'ಒಪ್ಪಿಸಿ'ಯೂ ಆಗಿರುತ್ತದೆ.

ಮಕ್ಕಳಮನೆ: ವೆರಿಫಿಕೇಶನ್‌ಗೆ ಸಿಗುವುದು ಹಳೆಯ ಕೇಸು ಇದ್ದವರು ಮಾತ್ರ. 2020ರ ಪೋಕ್ಸೊ ನಿಯಮಗಳ ಪ್ರಕಾರ ಅದನ್ನು ಕಾಲಕಾಲಕ್ಕೆ ಮತ್ತೆ ಮಾಡಿಸಬೇಕು. ಜೊತೆಗೆ, ಹಿಂದೆ ಕೆಲಸ ಮಾಡಿದ ಎರಡು ಕಡೆಗಾದರೂ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ಮತ್ತೆ ಮಕ್ಕಳ ಜೊತೆ ಕೆಲಸಕ್ಕೆ ಇಟ್ಟುಕೊಳ್ತೀರಾ?" ಆ ಕಡೆಯವರು ತಡವರಿಸಿದರೆ ಅಲ್ಲಿಗೇ ನಿಲ್ಲಿಸಿ.

ನಿಜವಾದ ತಡೆ ಇರುವುದು ದಿನಚರಿಯಲ್ಲಿ. ಕಾಲೊತ್ತುವುದು, ಎಣ್ಣೆ ಹಚ್ಚುವುದು ಮುಂತಾದ 'ಸೇವೆ'ಗೆ ಹುಡುಗರನ್ನು ಕೋಣೆಗೆ ಕರೆಯುವುದು ಪೂರ್ತಿ ನಿಷೇಧ. ಸ್ವಾಮಿಗಳಿಗೂ ಇದೇ ನಿಯಮ, ಇಲ್ಲದಿದ್ದರೆ ನೀತಿ ಬರೀ ಕಾಗದ. ಪಾಠ, ಆಪ್ತಸಮಾಲೋಚನೆ ಕೋಣೆಗಳ ಬಾಗಿಲಿಗೆ ಗಾಜು ಇರಲಿ. ಸ್ನಾನದ ಮನೆಯ ಒಳಚಿಲಕ ಕೆಲಸ ಮಾಡಬೇಕು. ರಾತ್ರಿ ಇಬ್ಬರು ದೊಡ್ಡವರು. 8ರವರನ್ನೂ 15ರವರನ್ನೂ ಒಂದೇ ಹಾಲ್‌ನಲ್ಲಿ ಮಲಗಿಸಬೇಡಿ, ದೊಡ್ಡ ಹುಡುಗರಿಂದಲೂ ತೊಂದರೆ ಆಗುತ್ತದೆ. ಹುಟ್ಟುಹಬ್ಬಕ್ಕೆ ಊಟ ಹಾಕಿಸುವ ದಾನಿಗಳನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅವರು ಮಗುವನ್ನು ಒಂಟಿಯಾಗಿ ಹೊರಗೆ ಕರೆದೊಯ್ಯುವಂತಿಲ್ಲ. ದೂರುಪೆಟ್ಟಿಗೆ ಆಫೀಸಿನ ಎದುರಿದ್ದರೆ ಖಾಲಿಯೇ ಇರುತ್ತದೆ. ಊಟದ ಮನೆಗೆ ಹೋಗುವ ದಾರಿಯಲ್ಲಿಡಿ, ಬೀಗದ ಕೈ ಸಂಸ್ಥೆಯ ಹೊರಗಿನವರ ಹತ್ತಿರ ಇರಲಿ.

ಹಾಸ್ಟೆಲ್‌ಸಮಿತಿ: ಮಗು "ಯಾರಿಗೂ ಹೇಳಬೇಡಿ" ಅಂದರೆ?

ಮಕ್ಕಳಮನೆ: ಮಾತು ಕೊಡಬೇಡಿ. "ನಿನ್ನನ್ನು ಕಾಪಾಡುವವರಿಗೆ ಮಾತ್ರ ಹೇಳ್ತೀನಿ" ಅನ್ನಿ. "ಅವರು ಹೀಗೆ ಮಾಡಿದ್ರಾ?" ಅಂತ ಬಾಯಿಗೆ ಮಾತು ತುರುಕಬೇಡಿ. ಮಗುವಿನ ಮಾತನ್ನು ಅದರದೇ ಪದಗಳಲ್ಲಿ, ದಿನಾಂಕ, ಸಮಯ ಹಾಕಿ ಬರೆದಿಡಿ. 1098 (ಮಕ್ಕಳ ಸಹಾಯವಾಣಿ) ಅಥವಾ 112ಕ್ಕೆ (ತುರ್ತು ಸಹಾಯ) ಕರೆ ಮಾಡಿ. ಈಗಷ್ಟೇ ನಡೆದದ್ದಾದರೆ ಸ್ನಾನ ಮಾಡಿಸಬೇಡಿ, ಬಟ್ಟೆಯನ್ನು ಒಗೆಯದೆ ಕಾಗದದ ಕವರಿನಲ್ಲಿಡಿ. ಪ್ಲಾಸ್ಟಿಕ್‌ನಲ್ಲಿ ತೇವಕ್ಕೆ ಕೆಡುತ್ತದೆ.

ಕಪ್ಪುಕೋಟು: ಪೊಲೀಸರು 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ (ಸರ್ಕಾರ ನೇಮಿಸಿದ ಸಮಿತಿ) ವರದಿ ಕೊಡಬೇಕು. ಸಮವಸ್ತ್ರ ಹಾಕಿಕೊಂಡು ಮಗುವಿನ ಹೇಳಿಕೆ ಪಡೆಯುವಂತಿಲ್ಲ. ಇನ್ನೊಂದು: ಆರೋಪಿಯನ್ನು ಬೇರೆ ಶಾಖೆಗೆ ವರ್ಗ ಮಾಡಿ ಕೈತೊಳೆದುಕೊಳ್ಳಬೇಡಿ, ಆ ಶಾಖೆಯಲ್ಲೂ ಮಕ್ಕಳಿದ್ದಾರೆ.