ಶಬ್ಬಾತ್ ಪಾಲಿಸುವ ಮನೆಯಲ್ಲಿ ಕೇರ್‌ಗಿವರ್ ಕೆಲಸ: ಶುಕ್ರವಾರವೇ ಏನೇನು ಮುಗಿಸಿಡಬೇಕು?

ಪ್ರಶ್ನೆ (ಕರಾವಳಿ_ಕೇರ್):
ಜೆರುಸಲೇಮಿನಲ್ಲಿ ಹಿರಿಯರನ್ನು ನೋಡಿಕೊಳ್ಳುವ ಕೆಲಸ. ಮನೆಯ ಅಜ್ಜಿ ಶಬ್ಬಾತನ್ನು, ಅಂದರೆ ಅಡುಗೆ, ಸ್ವಿಚ್ ಮುಂತಾದ ಕೆಲಸಗಳು ನಿಷಿದ್ಧವಾದ ಯಹೂದಿಗಳ ವಾರದ ವಿಶ್ರಾಂತಿ ದಿನವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ವೀಲ್‌ಚೇರ್, ಹಿಯರಿಂಗ್ ಏಡ್ ಇದೆ, ಬಿ.ಪಿ. ಮತ್ತು ಶುಗರ್‌ಗೆ ಮಾತ್ರೆ ನಡೆಯುತ್ತಿದೆ. ಶುಕ್ರವಾರ ಸಂಜೆಯೊಳಗೆ ಏನೇನು ಆಗಿರಬೇಕು? ಬಿಸಿ ಊಟ, ಚಹಾ ಹೇಗೆ? ಸ್ವಿಚ್ ಮುಟ್ಟಬಾರದು ಅನ್ನುವುದು ಯಹೂದಿಯಲ್ಲದ ನನಗೂ ಅನ್ವಯಿಸುತ್ತದೆಯೇ?

ಒಲೆಮುಂದೆ:
ಮೊದಲು ಹೊತ್ತು ನೋಡಿಕೊಳ್ಳಿ. ಬಹಳ ಊರುಗಳಲ್ಲಿ ಶುಕ್ರವಾರ ಸೂರ್ಯಾಸ್ತಕ್ಕೆ 18 ನಿಮಿಷ ಮುಂಚೆ ಶಬ್ಬಾತ್ ಶುರುವಿನ ದೀಪ ಹಚ್ಚುತ್ತಾರೆ, ಜೆರುಸಲೇಮಿನ ರೂಢಿ 40 ನಿಮಿಷ. ಡಿಸೆಂಬರಿನಲ್ಲಿ ಅದು ಸಂಜೆ 4ರ ಆಸುಪಾಸಿಗೇ ಬಂದುಬಿಡುತ್ತದೆ, ಜೂನ್ ಕೊನೆಯಲ್ಲಿ 7 ದಾಟುತ್ತದೆ. ಹಾಗಾಗಿ ಚಳಿಗಾಲದಲ್ಲಿ ಅರ್ಧ ಅಡುಗೆ ಗುರುವಾರವೇ ಆಗಲಿ. ಮುಗಿಯುವುದು ಶನಿವಾರ ರಾತ್ರಿ ಮೂರು ನಕ್ಷತ್ರ ಕಾಣುವ ಹೊತ್ತಿಗೆ, ಒಟ್ಟು ಸುಮಾರು 25 ಗಂಟೆ.

ಅಡುಗೆಗೆ ಆಧಾರ ಪ್ಲಾಟಾ, ಅಂದರೆ ಶಾಖ ಏರಿಸುವ-ಇಳಿಸುವ ಗುಂಡಿಯೇ ಇಲ್ಲದ ಕರೆಂಟಿನ ತಟ್ಟೆ. ದೀಪ ಹಚ್ಚುವ ಮೊದಲೇ ಪ್ಲಗ್ ಹಾಕಿ ಬಿಸಿಯಾಗಿರಬೇಕು. ಶನಿವಾರ ಮಧ್ಯಾಹ್ನದ ಊಟ ಸಾಮಾನ್ಯವಾಗಿ ಖಮೀನ್: ನೆನೆಸಿದ ಬೀನ್ಸ್ ಅಥವಾ ಕಡಲೆ, ಬಾರ್ಲಿ, ಆಲೂಗಡ್ಡೆ, ಮಾಂಸ, ಸಿಪ್ಪೆ ಸಮೇತ ಮೊಟ್ಟೆ. ಶುಕ್ರವಾರ ಗ್ಯಾಸಿನ ಮೇಲೆ ಪೂರ್ತಿ ಬೇಯಿಸಿ, ಆಮೇಲೆ ಪ್ಲಾಟಾಕ್ಕೆ ಏರಿಸಿ. ಹೆಚ್ಚಿನವರು ಎಡವುವುದು ನೀರಿನಲ್ಲಿ. ಬಾರ್ಲಿ ರಾತ್ರಿಯಿಡೀ ನೀರು ಕುಡಿಯುತ್ತದೆ. ಏರಿಸುವಾಗ ಕಾಳಿನ ಮೇಲೆ ಎರಡು ಬೆರಳಷ್ಟು ನೀರು ನಿಲ್ಲದಿದ್ದರೆ ಬೆಳಿಗ್ಗೆ ತಳ ಹಿಡಿದಿರುತ್ತದೆ. ಆಗ ನೀರು ಸೇರಿಸುವ ಹಾಗಿಲ್ಲ, ಒಲೆಯ ಮೇಲಿದ್ದಂತೆಯೇ ಕೈಯಾಡಿಸುವ ಹಾಗೂ ಇಲ್ಲ, ಎರಡೂ ಬೇಯಿಸುವ ಕೆಲಸಕ್ಕೇ ಸೇರುತ್ತವೆ. ಮುಚ್ಚಳದ ಅಂಚಿಗೆ ಫಾಯಿಲ್ ಒತ್ತಿ ಆವಿ ಹೋಗದಂತೆ ಮಾಡಿ.

ಫ್ರಿಜ್ಜಿನಲ್ಲಿದ್ದ ತಣ್ಣನೆಯ ಸೂಪನ್ನು ಶಬ್ಬಾತಿನ ನಡುವೆ ಪ್ಲಾಟಾದ ಮೇಲಿಡಬೇಡಿ. ಪೂರ್ತಿ ಬೆಂದ ಒಣ ಪದಾರ್ಥದ ವಿಷಯದಲ್ಲಿ ಮನೆಯಿಂದ ಮನೆಗೆ ಪದ್ಧತಿ ಬೇರೆ, ಕೇಳಿಯೇ ಇಡಿ.

ಚಹಾಕ್ಕೆ ಶುಕ್ರವಾರವೇ ಗಟ್ಟಿ ಡಿಕಾಕ್ಷನ್ ಮಾಡಿಟ್ಟರೆ ತಲೆಬಿಸಿ ಇಲ್ಲ. ಕುದಿಸಿದ ನೀರು ಮೇಖಾಮಿನಲ್ಲಿ, ಅಂದರೆ ನೀರು ಬಿಸಿಯಾಗಿಡುವ ಪಾತ್ರೆಯಲ್ಲಿ ಇರುತ್ತದೆ. ಮೊದಲು ಒಣ ಲೋಟಕ್ಕೆ ನೀರು ಹಿಡಿಯಿರಿ, ಅದನ್ನು ಇನ್ನೊಂದು ಲೋಟಕ್ಕೆ ಬಗ್ಗಿಸಿ, ಆಮೇಲೆ ಡಿಕಾಕ್ಷನ್ ಸೇರಿಸಿ.

ಗುರುವಾರದ_ಪಟ್ಟಿ:
ಮೇಖಾಮಿಗೆ ಒಂದು ಸೇರ್ಪಡೆ. ನೀರು ಕಮ್ಮಿಯಾಯಿತೆಂದು ನಡುವೆ ತಣ್ಣೀರು ಸುರಿಯಬೇಡಿ, ಅಷ್ಟೂ ನೀರು ಅವರಿಗೆ ಬಳಕೆಗೆ ಬಾರದಂತಾಗುತ್ತದೆ. ಶುಕ್ರವಾರವೇ ತುಂಬಿಸಿ, ಪೂರ್ತಿ ಕುದಿಸಿಡಿ.

ಉಳಿದದ್ದು ಕರೆಂಟು ಮತ್ತು ಆರೈಕೆ. ಫ್ರಿಜ್ಜಿನ ಬಲ್ಬ್ ಬಿಚ್ಚಿ, ಇಲ್ಲವೇ ಬಾಗಿಲ ಸ್ವಿಚ್ಚಿಗೆ ಟೇಪ್ ಅಂಟಿಸಿ. ಇದನ್ನು ಮರೆತರೆ ಅಜ್ಜಿ ಫ್ರಿಜ್ಜಿನ ಬಾಗಿಲನ್ನೇ ತೆಗೆಯುವ ಹಾಗಿಲ್ಲ. ಊಟದ ಕೋಣೆಯ ದೀಪ, ಎ.ಸಿ.ಗೆ ಶಬ್ಬಾತ್ ಟೈಮರ್ ಹಾಕಿ; ಬಚ್ಚಲಿನ ದೀಪ ರಾತ್ರಿಯಿಡೀ ಉರಿಯಲಿ, ಕತ್ತಲಲ್ಲಿ ಬೀಳುವುದೇ ಹೆಚ್ಚು. ಟಾಯ್ಲೆಟ್ ಪೇಪರ್ ಮೊದಲೇ ಹರಿದಿಡಿ ಅಥವಾ ಟಿಶ್ಯೂ ಡಬ್ಬಿ ಇಡಿ, ಏಕೆಂದರೆ ಹರಿಯುವುದು ನಿಷಿದ್ಧವಾದ 39 ಬಗೆಯ ಕೆಲಸಗಳಲ್ಲಿ ಒಂದು. ಹಿಯರಿಂಗ್ ಏಡ್‌ಗೆ ಶುಕ್ರವಾರ ಹೊಸ ಸೆಲ್ ಹಾಕಿ, ಆನ್ ಮಾಡಿ ಹಾಗೇ ಬಿಡಿ. ಮಾತ್ರೆಗಳು ಪಟ್ಟಿಯಿಂದ ಬಿಡಿಸಿ ಹೊತ್ತಿಗೊಂದು ಖಾನೆಯಂತೆ ಡಬ್ಬಿಗೆ ಹೋಗಲಿ.

ಮೇಜಿನ ಮೇಲೆ ದೀಪ ಹಚ್ಚಿದ ಸ್ಟ್ಯಾಂಡನ್ನು ಅವರು ಸರಿಸುವ ಹಾಗಿಲ್ಲ. ವೀಲ್‌ಚೇರ್ ತಿರುಗಲು ಜಾಗ ಇರುವಂತೆ ಮೊದಲೇ ಇಡಿ. ಹೊರಗೆ ಹೋಗುವುದಾದರೆ ಊರ ಸುತ್ತ ಕಂಬ-ತಂತಿಯ ಎಲ್ಲೆಯಾದ ಎರೂವ್ ಆ ವಾರ ಸರಿಯಿದೆಯೇ ಎಂದು ಮನೆಯವರನ್ನು ಕೇಳಿ, ಅದರೊಳಗೆ ವೀಲ್‌ಚೇರ್ ತಳ್ಳಬಹುದು. ಶಬ್ಬಾತ್ ಲಿಫ್ಟ್ ಇದ್ದರೆ ಅದು ತಾನಾಗಿಯೇ ಪ್ರತಿ ಮಹಡಿಯಲ್ಲಿ ನಿಲ್ಲುತ್ತದೆ.

ಹಿತ್ತಲ_ಬಾಗಿಲು:
ಕೊನೆಯ ಪ್ರಶ್ನೆ ಉಳಿಯಿತು, ನನ್ನ ಪ್ರಕಾರ ಮುಖ್ಯವಾದದ್ದೂ ಅದೇ. ನಿಯಮ ನಿಮಗಲ್ಲ. ನಿಮ್ಮ ಕೋಣೆಯಲ್ಲಿ ನಿಮ್ಮ ದೀಪ, ನಿಮ್ಮ ಫೋನ್ ನಿಮ್ಮಿಷ್ಟ. ಆದರೆ ಅವರಿಗಾಗಿ ನೀವು ಮಾಡುವ ಕೆಲಸಕ್ಕೆ ಅವರ ಕಡೆಯಿಂದ ಲೆಕ್ಕವಿದೆ. ನಿಮ್ಮ ಕೆಲಸಕ್ಕೆಂದು ಹಚ್ಚಿದ ದೀಪದ ಬೆಳಕು ಅವರಿಗೂ ಒದಗಬಹುದು. ಪಾಪ, ಕತ್ತಲಲ್ಲಿದ್ದಾರೆ ಎಂದು ಅವರಿಗೋಸ್ಕರವೇ ಹಚ್ಚಿದರೆ ಆ ಬೆಳಕನ್ನು ಬಳಸಲಾಗದೆ ಅವರು ಕೋಣೆಯಿಂದ ಹೊರಬರಬೇಕಾದೀತು. ಒಳ್ಳೆಯ ಮನಸ್ಸಿನ ಕೇರ್‌ಗಿವರುಗಳೇ ಇಲ್ಲಿ ಸಿಕ್ಕಿಬೀಳುತ್ತಾರೆ. ಅಜ್ಜಿ ನೇರವಾಗಿ “ಆರಿಸು” ಎನ್ನುವ ಬದಲು “ಈ ಬೆಳಕಿಗೆ ನಿದ್ದೆ ಬರುತ್ತಿಲ್ಲ” ಎಂದರೆ ಅದು ಸೂಚನೆ, ಅರ್ಥ ಮಾಡಿಕೊಂಡು ಆರಿಸಿ.

ಕಾಯಿಲೆಯವರಿಗೆ ಈ ಬಿಗಿ ಸಡಿಲವಾಗುತ್ತದೆ. ಹಾಸಿಗೆ ಹಿಡಿದವರು ಯಹೂದಿಯಲ್ಲದವರನ್ನು ನೇರವಾಗಿಯೇ ಕೇಳಬಹುದು. ಅಜ್ಜಿ ಆ ಲೆಕ್ಕಕ್ಕೆ ಬರುತ್ತಾರೆಯೇ, ಶುಗರ್ ಪರೀಕ್ಷೆ, ಹೀಟರ್ ಇವೆಲ್ಲ ಯಾವಾಗ ಎಂಬುದನ್ನು ಕುಟುಂಬ ತಮ್ಮ ರಬ್ಬಿಯಿಂದ, ಅಂದರೆ ಧರ್ಮಗುರುವಿನಿಂದ ತಿಳಿದು ಮೊದಲೇ ಬರೆದುಕೊಡಲಿ. ಪ್ರಾಣಾಪಾಯವಾದರೆ ಯಾವ ಲೆಕ್ಕವೂ ಇಲ್ಲ. ಎದೆನೋವು, ಮಾತು ತೊದಲುವುದು, ಪ್ರಜ್ಞೆ ತಪ್ಪುವುದು ಕಂಡರೆ ಯಾರನ್ನೂ ಕೇಳದೆ ಇಲ್ಲಿಯ ಆಂಬುಲೆನ್ಸ್ ನಂಬರ್ 101ಕ್ಕೆ ಫೋನ್ ಮಾಡಿ. ಜೀವ ಉಳಿಸಲು ಶಬ್ಬಾತ್ ಮುರಿಯಲೇಬೇಕೆಂಬುದು ಅವರದೇ ಧರ್ಮದ ಕಟ್ಟಳೆ.

ಇನ್ನೊಂದು ಮಾತು: ಸಹಾಯಕ್ಕೆಂದು ವೈನ್ ಬಾಟಲಿ ತೆರೆಯಲು, ಬಗ್ಗಿಸಲು ಹೋಗಬೇಡಿ. ಕಾಯಿಸಿದ ವೈನ್, ಅಂದರೆ ಮೆವುಶಾಲ್ ಎಂದು ಲೇಬಲ್ ಮೇಲೆ ಇಲ್ಲದಿದ್ದರೆ ಯಹೂದಿಯಲ್ಲದವರು ಬಗ್ಗಿಸಿದ್ದನ್ನು ಅವರು ಕುಡಿಯುವುದಿಲ್ಲ.

ಗುರುವಾರದ_ಪಟ್ಟಿ:
ನಿಮ್ಮ ರಜೆಯ ಬಗ್ಗೆಯೂ ಯೋಚಿಸಿ. ಇಸ್ರೇಲಿನ 1951ರ ಕಾನೂನಿನಲ್ಲಿ ಯಹೂದಿಯಲ್ಲದವರಿಗೆ ವಾರದ ವಿಶ್ರಾಂತಿ ಶುಕ್ರವಾರ, ಶನಿವಾರ ಅಥವಾ ಭಾನುವಾರ ಆಗಬಹುದು. ಭಾನುವಾರ ಇಗರ್ಜಿಗೆ ಹೋಗುವವರು ಅದನ್ನೇ ಒಪ್ಪಂದದಲ್ಲಿ ಬರೆಸಿಕೊಳ್ಳಿ. ಶನಿವಾರ ಆರಿಸಿಕೊಂಡರೆ ಶುಕ್ರವಾರ ಮಧ್ಯಾಹ್ನವೇ ಹೊರಡಿ. ಸಂಜೆಯಿಂದ ಶನಿವಾರ ರಾತ್ರಿಯವರೆಗೆ ಜೆರುಸಲೇಮಿನಲ್ಲಿ ಮಾಮೂಲಿ ಬಸ್ಸು, ಟ್ರಾಮ್ ಓಡುವುದಿಲ್ಲ.