ಎಫ್ ಆಫ್ ಎಕ್ಸ್ ಅಂದ್ರೆ ಎಫ್ ಇಂಟು ಎಕ್ಸ್ ಅಲ್ವಾ?

ಹಾಸನದ ಅಪ್ಪ:
ಮಗಳು ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ, ಈಗ ಫಸ್ಟ್ ಪಿಯುಸಿ ಸೈನ್ಸ್. ಟೆಸ್ಟಲ್ಲಿ ಎಫ್(ಎಕ್ಸ್) = 3ಎಕ್ಸ್ + 2 ಕೊಟ್ಟು ಎಫ್(4) ಎಷ್ಟು ಅಂತ ಕೇಳಿದ್ದಾರೆ. ಇವಳು '4ಎಫ್ = 14, ಆದ್ದರಿಂದ ಎಫ್ = 3.5' ಅಂತ ಬರೆದು ಬಂದಿದ್ದಾಳೆ. ನಿಮಗೆಲ್ಲ ಇದು ಹೇಗೆ ತಲೆಗೆ ಹತ್ತಿತು, ಸ್ವಲ್ಪ ಹೇಳಿ.

ನಿವೃತ್ತ ಮೇಷ್ಟ್ರು:
14 ಸರಿಯಾಗಿ ಬಂದಿದೆ ನೋಡಿ, ಉತ್ತರ ಅಲ್ಲೇ ಇತ್ತು! ಮಗುವನ್ನು ಬೈಬೇಡಿ. 3(ಎಕ್ಸ್ + 2) ಅಂದ್ರೆ ಗುಣಿಸು ಅಂತ ವರ್ಷಗಟ್ಟಲೆ ತಲೆಗೆ ತುಂಬಿದವರು ನಾವೇ. ಬ್ರಾಕೆಟ್ ಮುಂಚೆ ಸಂಖ್ಯೆ ಇದ್ರೆ ಗುಣಾಕಾರ. ಎಫ್ ಇಲ್ಲಿ ಸಂಖ್ಯೆಯಲ್ಲ, 'ಮೂರರಿಂದ ಗುಣಿಸಿ ಎರಡು ಕೂಡು' ಅನ್ನೋ ನಿಯಮದ, ಅಂದ್ರೆ ಫಂಕ್ಷನ್‌ನ ಹೆಸರು. ಒಂಬತ್ತನೇ ಕ್ಲಾಸಿನ ಬಹುಪದೋಕ್ತಿ ಪಾಠ ತೆಗೆಸಿ. ಪಿ(ಎಕ್ಸ್) ಕೊಟ್ಟು ಪಿ(2) ಕಂಡುಹಿಡಿಯೋ ಲೆಕ್ಕ ಕನ್ನಡದಲ್ಲೇ ಮಾಡಿರ್ತಾಳೆ. ಎಫ್(ಎಕ್ಸ್) ಅನ್ನೋ ಈ ಬರವಣಿಗೆ 1734ರಲ್ಲಿ ಗಣಿತಜ್ಞ ಆಯ್ಲರ್ ಬಳಸಿದ್ದು, ನಿನ್ನೆ ಮೊನ್ನೆಯ ಕಾಟ ಅಲ್ಲ.

ಬಸವನಗುಡಿ ಟ್ಯೂಷನ್ ಅಕ್ಕ:
ನಾನು ಆಟೋ ಮೀಟರ್ ಹಿಡ್ಕೊಂಡು ಹೇಳ್ಕೊಡ್ತೀನಿ. ಬೆಂಗಳೂರಲ್ಲಿ 2025ರ ಆಗಸ್ಟಿನಿಂದ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ಅದನ್ನ ಎಂ ಅಂತ ಕರೆದ್ರೆ ಎಂ(1) = 36, ಎಂ(2) = 36, ಎಂ(5) = 36 + 54 = 90. ಎಂ(5) ಅಂದ್ರೆ ಐದು ಮೀಟರ್‌ಗಳಾ ಅಂತ ಯಾವ ಮಗುವೂ ಕೇಳಲ್ಲ. ಇನ್ನೊಂದು ಲಾಭ: ಒಂದು ಕಿ.ಮೀ.ಗೆ ಇಳಿದು ಇನ್ನೊಂದು ಆಟೋ ಹತ್ತಿದ್ರೆ ಎಂ(1) + ಎಂ(1) = 72. ನೇರ ಹೋದ್ರೆ ಎಂ(1+1) = 36 ಅಷ್ಟೇ. ಬ್ರಾಕೆಟ್ ಬಿಡಿಸಿ ಹಂಚೋ ಚಟ ಅಲ್ಲಿಗೆ ಬಿಟ್ಟುಹೋಗುತ್ತೆ. (ಮೀಟರ್ ಹಾಕ್ತಾರಾ ಅಂತ ಮಾತ್ರ ಕೇಳ್ಬೇಡಿ.)

ಕೋಡಿಂಗ್ ಕೂಲಿ:
ನಮ್ಮ ಲೆಕ್ಚರರ್ ಗಿರಣಿ ಕಥೆ ಹೇಳ್ತಿದ್ರು, ರಾಗಿ ಹಾಕಿದ್ರೆ ಹಿಟ್ಟು. ಕಥೆ ಅರ್ಥ ಆಯ್ತು, ಲೆಕ್ಕ ಬರ್ಲಿಲ್ಲ. ಎಫ್(ಎಕ್ಸ್) = ಎಕ್ಸ್² − 3ಎಕ್ಸ್ ಇದ್ರೆ ಎಫ್(−2)ಗೆ ಬ್ರಾಕೆಟ್ ಇಲ್ಲದೆ −2² − 3 − 2 ಅಂತ ಹಾಕಿ −9 ಅಂತ ಬರೀತಿದ್ದೆ. ಸೀನಿಯರ್ ಅಕ್ಕ ಒಬ್ರು ಎಕ್ಸ್ ಅಳಿಸಿ ಖಾಲಿ ಬ್ರಾಕೆಟ್ ಬರೆಸಿದ್ರು: ಎಫ್( ) = ( )² − 3( ). ಮೊದಲು ಖಾಲಿ ಬರೆದು, ಆಮೇಲೆ ತುಂಬು. (−2)² − 3(−2) = 4 + 6 = 10. ಎಫ್(ಎ+1) ಬಂದ್ರೂ ಹಂಗೇ, ಎಲ್ಲ ಬ್ರಾಕೆಟ್ಟಿಗೂ ಇಡೀ ಎ+1. ಒಂದು ವಾರ ಹಿಂಗೇ ಬರೆಸಿ.

ಹಾಸನದ ಅಪ್ಪ:
ಖಾಲಿ ಬ್ರಾಕೆಟ್ ಹಿಡಿಸಿದೆ. ಈಗ ಅದರೊಳಗೆ ಎಫ್(1)ನ್ನೇ ಹಾಕಬಹುದಾ ಅಂತ ಕೇಳ್ತಿದ್ದಾಳೆ.

ಬಸವನಗುಡಿ ಟ್ಯೂಷನ್ ಅಕ್ಕ:
ಹಾಕ್ಲಿ, ಹಾಕ್ಲಿ! ಅವಳ 3ಎಕ್ಸ್ + 2ರಲ್ಲಿ ಎಫ್(1) = 5, ಎಫ್(5) = 17. ನನ್ನ ಆಟೋದಲ್ಲಿ ಮಾತ್ರ ಬೇಡ, ಕಿಲೋಮೀಟರ್ ಜಾಗದಲ್ಲಿ ರೂಪಾಯಿ ಕೂತುಬಿಡುತ್ತೆ.