ಹಳ್ಳಿಯ ವಿತರಣಾ ಜಾಲಕ್ಕೆ ಬ್ಯಾಟರಿ: ಗಾತ್ರವೆಷ್ಟು, ಜಾಗವೆಲ್ಲಿ?

ಪ್ರಶ್ನೆ (ಎಂ.ಟೆಕ್. ವಿದ್ಯಾರ್ಥಿನಿ, ಕೊಪ್ಪಳ ಜಿಲ್ಲೆ)

ಮಾನ್ಯರೇ, ನಮ್ಮ ಊರಿನ 33/11 ಕೆವಿ (33 ಸಾವಿರ ವೋಲ್ಟನ್ನು 11 ಸಾವಿರಕ್ಕೆ ಇಳಿಸುವ) ಸಬ್‌ಸ್ಟೇಷನ್ ಅನ್ನೇ ನನ್ನ ಪ್ರಾಜೆಕ್ಟ್‌ಗೆ ಆಯ್ದುಕೊಂಡಿದ್ದೇನೆ. ಅಲ್ಲಿರುವುದು 5 ಎಂವಿಎ ಸಾಮರ್ಥ್ಯದ ಒಂದೇ ಪರಿವರ್ತಕ (ಟ್ರಾನ್ಸ್‌ಫಾರ್ಮರ್). ಹಗಲಿನಲ್ಲಿ ಐಪಿ ಸೆಟ್‌ಗಳಿಗೆ (ನೀರಾವರಿ ಪಂಪ್‌ಗಳಿಗೆ) ಪಕ್ಕದ ಸೌರ ಘಟಕದ ವಿದ್ಯುತ್ ಸಿಗುವುದರಿಂದ ತೊಂದರೆಯಿಲ್ಲ. ಆದರೆ ಸಂಜೆ 6ರಿಂದ 9ರವರೆಗೆ ಮನೆ, ಅಂಗಡಿ, ಗಿರಣಿಗಳ ಹೊರೆ ಒಟ್ಟಾಗಿ ಪರಿವರ್ತಕದ ಮಿತಿಯನ್ನು ದಾಟುತ್ತದೆ. ಊರಂಚಿನ ನಮ್ಮ ಓಣಿಯಲ್ಲಿ ಏಳು ಗಂಟೆಗೆ ಅಳೆದಾಗ 174 ವೋಲ್ಟ್ ಬಂತು. ಟ್ಯೂಬ್‌ಲೈಟ್ ಮಿಣುಕುತ್ತದೆಯೇ ಹೊರತು ಹತ್ತುವುದಿಲ್ಲ. ಇಲ್ಲಿಗೆ ಎಷ್ಟು ಸಾಮರ್ಥ್ಯದ ಬ್ಯಾಟರಿ ಬೇಕು, ಅದನ್ನು ಸಬ್‌ಸ್ಟೇಷನ್‌ನಲ್ಲಿ ಇಡಬೇಕೋ ಫೀಡರ್‌ನ (ಸಬ್‌ಸ್ಟೇಷನ್‌ನಿಂದ ಹೊರಡುವ 11 ಕೆವಿ ಲೈನಿನ) ತುದಿಯಲ್ಲೋ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ನಿವೃತ್ತ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್)

ಸಬ್‌ಸ್ಟೇಷನ್‌ನಲ್ಲಿ ಆಪರೇಟರ್ ಗಂಟೆಗೊಮ್ಮೆ ಬರೆಯುವ ಲಾಗ್‌ಶೀಟ್‌ನಿಂದ ಆರಂಭಿಸಿರಿ. ವರ್ಷದ ಅತಿ ಭಾರದ ದಿನಗಳನ್ನು ಆರಿಸಿ, ಹೊರೆಯ ರೇಖೆ ಪರಿವರ್ತಕದ ಮಿತಿಗಿಂತ ಮೇಲೆ ಎಷ್ಟು ಎತ್ತರಕ್ಕೆ ಹೋಗುತ್ತದೆ, ಎಷ್ಟು ಹೊತ್ತು ಅಲ್ಲೇ ನಿಲ್ಲುತ್ತದೆ ಎಂಬುದನ್ನು ಗುರುತಿಸಿರಿ. ಎತ್ತರದಿಂದ ಬ್ಯಾಟರಿಯ ಮೆಗಾವ್ಯಾಟ್ ನಿರ್ಧಾರವಾಗುತ್ತದೆ, ಮಿತಿಯ ಮೇಲಿನ ಆ ಗುಡ್ಡದ ಒಟ್ಟು ವಿಸ್ತಾರದಿಂದ ಮೆಗಾವ್ಯಾಟ್ ಅವರ್ ನಿರ್ಧಾರವಾಗುತ್ತದೆ. ಇವೆರಡನ್ನು ಒಂದೇ ಎಂದು ಭಾವಿಸಿ ಬರೆದ ಯೋಜನಾ ವರದಿಗಳನ್ನು ನಾನು ಹಲವು ಬಾರಿ ಹಿಂದಿರುಗಿಸಿದ್ದೇನೆ.

ಉದಾಹರಣೆಗೆ, ಮೂರು ಗಂಟೆಗಳಲ್ಲಿ ಮಿತಿಮೀರಿದ ಹೊರೆ ಕ್ರಮವಾಗಿ 0.5, 0.8, 0.6 ಮೆಗಾವ್ಯಾಟ್ ಎಂದಿಟ್ಟುಕೊಳ್ಳೋಣ. ಒಟ್ಟು 1.9 ಮೆಗಾವ್ಯಾಟ್ ಅವರ್, ಅಂದರೆ 1,900 ಯೂನಿಟ್ ಬೇಕು. ಬ್ಯಾಟರಿ ಹಳತಾಗಿ ಸಾಮರ್ಥ್ಯ ಶೇ. 80ಕ್ಕೆ ಇಳಿದಾಗಲೂ ಅಷ್ಟು ಸಿಗಬೇಕು; ಅದನ್ನು ಪೂರ್ತಿ ಬರಿದು ಮಾಡದೆ ಶೇ. 90ರಷ್ಟನ್ನು ಮಾತ್ರ ಬಳಸಬೇಕು, ಇನ್‌ವರ್ಟರ್‌ನಲ್ಲಿ ಶೇ. 5ರಷ್ಟು ನಷ್ಟವಾಗುತ್ತದೆ ಎಂದು ಹಿಡಿದರೆ ಮೊದಲ ದಿನ ಕೊಳ್ಳಬೇಕಾದದ್ದು ಸುಮಾರು 2.8 ಮೆಗಾವ್ಯಾಟ್ ಅವರ್. ಗಂಟೆಗೊಂದು ದಾಖಲೆಯು ನಡುವಿನ ಏರಿಕೆಯನ್ನು ಮುಚ್ಚಿಡುವುದರಿಂದ, ಶಕ್ತಿಯನ್ನು 0.8ರ ಬದಲು 1 ಮೆಗಾವ್ಯಾಟ್ ಎಂದು ಇಟ್ಟುಕೊಳ್ಳುವುದು ಕ್ಷೇಮ. ತುಂಬಿಸುವ ಕೆಲಸವನ್ನು ಸೌರ ವಿದ್ಯುತ್ ಹೆಚ್ಚಿರುವ ಮಧ್ಯಾಹ್ನಕ್ಕೆ ಬಿಡಿ.

ಉತ್ತರ 2 (ವಿತರಣಾ ಜಾಲದ ಕ್ಷೇತ್ರ ಎಂಜಿನಿಯರ್)

ಹಿರಿಯರ ಲೆಕ್ಕ ಸರಿಯಾಗಿದೆ, ಆದರೆ ಅದು ಪರಿವರ್ತಕದ ಹೊರೆಗಷ್ಟೇ ಉತ್ತರ. ಸಬ್‌ಸ್ಟೇಷನ್‌ನಲ್ಲಿ ಇಟ್ಟ ಬ್ಯಾಟರಿಯಿಂದ ಮುಂದಿನ ತಂತಿಯಲ್ಲಿ ಹರಿಯುವ ಕರೆಂಟ್ ಕಡಿಮೆಯಾಗುವುದಿಲ್ಲವಾದ್ದರಿಂದ, ತುದಿಯಲ್ಲಿ ಕುಸಿದ ವೋಲ್ಟೇಜ್ ಹೆಚ್ಚುಕಡಿಮೆ ಕುಸಿದಂತೆಯೇ ಉಳಿಯುತ್ತದೆ. ತುದಿಯಲ್ಲಿ ಇಟ್ಟರೆ ಇಡೀ ಲೈನಿನ ಕರೆಂಟ್ ಇಳಿಯುತ್ತದೆ, ನಷ್ಟವು ಕರೆಂಟಿನ ವರ್ಗಕ್ಕೆ (ಸ್ಕ್ವೇರ್) ಅನುಗುಣವಾಗಿ ತಗ್ಗುತ್ತದೆ. ಆದರೆ ಅಲ್ಲಿ ಜಾಗ, ಕಾವಲು, ನಿರ್ವಹಣೆ ಮೂರೂ ಕಷ್ಟ.

ಹಣ ಹಾಕುವ ಮುನ್ನ ಒಂದು ಅಳತೆ ಮಾಡಿರಿ. ಸಂಜೆ ಏಳಕ್ಕೆ ಒಬ್ಬರು ಟಿಸಿಯ (ಓಣಿಗೆ ವಿದ್ಯುತ್ ಕೊಡುವ ಚಿಕ್ಕ ಪರಿವರ್ತಕದ) ಬಳಿ, ಇನ್ನೊಬ್ಬರು ಕೊನೆಯ ಮನೆಯಲ್ಲಿ ಏಕಕಾಲಕ್ಕೆ ವೋಲ್ಟೇಜ್ ನೋಡಲಿ. ಟಿಸಿಯ ಬಳಿ ಲೈನ್‌ಮನ್ ಜೊತೆಗಿರಲೇಬೇಕು. 230 ವೋಲ್ಟ್‌ಗೆ ಶೇ. 6 ಹೆಚ್ಚುಕಡಿಮೆ ಎಂಬುದು ಮಿತಿ, ಅಂದರೆ 216ಕ್ಕಿಂತ ಕೆಳಗೆ ಇಳಿಯಬಾರದು. ಟಿಸಿಯಲ್ಲೇ ಕಡಿಮೆಯಿದ್ದರೆ ದೋಷ 11 ಕೆವಿ ಕಡೆಗೋ ಟಿಸಿಯ ಮೇಲಿನ ಹೊರೆಗೋ ಸೇರಿದ್ದು. ಅಲ್ಲಿ ಸರಿಯಿದ್ದು ಮನೆಯಲ್ಲಿ ಮಾತ್ರ ಕುಸಿದಿದ್ದರೆ ಎಲ್‌ಟಿ ಲೈನ್ (ಟಿಸಿಯಿಂದ ಮನೆಗಳಿಗೆ ಹೋಗುವ ಕಡಿಮೆ ವೋಲ್ಟೇಜಿನ ತಂತಿ) ಉದ್ದವಾಗಿದೆ, ಇಲ್ಲವೇ ಹೊರೆ ಒಂದೇ ಫೇಸ್‌ನ ಮೇಲೆ ಬಿದ್ದಿದೆ.

ಉತ್ತರ 3 (ಶಕ್ತಿ ಸಂಗ್ರಹ ಕ್ಷೇತ್ರದ ಉದ್ಯೋಗಿ)

ದೆಹಲಿಯ ಎರಡು ಉದಾಹರಣೆಗಳನ್ನು ಓದಿಕೊಳ್ಳಿರಿ: 2019ರಲ್ಲಿ ರೋಹಿಣಿಯಲ್ಲಿ ಆರಂಭವಾದ 10 ಮೆಗಾವ್ಯಾಟ್ ಬ್ಯಾಟರಿ ಘಟಕ ಮತ್ತು 2025ರಲ್ಲಿ ಕಿಲೋಕರಿಯಲ್ಲಿ ಆರಂಭವಾದ 20 ಮೆಗಾವ್ಯಾಟ್, 40 ಮೆಗಾವ್ಯಾಟ್ ಅವರ್ ಘಟಕ. ಎರಡೂ ಇರುವುದು ಸಬ್‌ಸ್ಟೇಷನ್‌ಗಳಲ್ಲಿಯೇ. ನಿಮ್ಮ ಜಿಲ್ಲೆಯ ಬೇಸಿಗೆಯಲ್ಲಿ ತಂಪು ಮಾಡುವ ಯಂತ್ರಗಳೇ ಒಂದಿಷ್ಟು ವಿದ್ಯುತ್ ತಿನ್ನುತ್ತವೆ. ಅದನ್ನೂ ಲೆಕ್ಕದಲ್ಲಿ ಸೇರಿಸಿರಿ. ಕಂಟೇನರ್‌ಗಳ ನಡುವೆ ಬೆಂಕಿ ಹರಡದಷ್ಟು ಅಂತರಕ್ಕೂ ಜಾಗ ಬಿಡಬೇಕು.

ಪ್ರಶ್ನೆ ಕೇಳಿದವರ ಮರುಬರಹ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಲೈನ್‌ಮನ್ ಜೊತೆಗೂಡಿ ಅಳೆದೆವು: ಟಿಸಿಯ ಬಳಿ 226, ನಮ್ಮ ಮನೆಯಲ್ಲಿ 176. ಓಣಿಯ ಮನೆಗಳೆಲ್ಲ ಒಂದೇ ಫೇಸ್‌ಗೆ ಸೇರಿವೆ ಎಂಬುದನ್ನು ಅವರೇ ಕಂಬದ ಬುಡದಲ್ಲಿ ನಿಂತು ತೋರಿಸಿದರು. ಆದ್ದರಿಂದ ವೋಲ್ಟೇಜಿನ ವಿಷಯವನ್ನು ಬ್ಯಾಟರಿಯಿಂದ ಬೇರ್ಪಡಿಸಿ, ಪರಿವರ್ತಕದ ಹೊರೆಗಾಗಿ ಮಾತ್ರ ಸಬ್‌ಸ್ಟೇಷನ್‌ನಲ್ಲಿ ಬ್ಯಾಟರಿ ಇಡುವ ಲೆಕ್ಕ ಹಾಕುತ್ತಿದ್ದೇನೆ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಲಾಗ್‌ಶೀಟ್‌ಗಳ ನಕಲು ಕೇಳಿ ಅರ್ಜಿ ಕೊಟ್ಟಿದ್ದೇನೆ.